ಇಪ್ಪತ್ತೇಳನೆಯ ನಂಬರು

ಕೊಪ್ಪದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷ ಆಗಿತ್ತು. ನಮ್ಮ ಪೇಟೆಯಲ್ಲಿ ಮೊಬೈಲ್ ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಅವರೂ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಿಗೆ ನನ್ನ ಬೂತಿನ ನಂಬರೇ ನಂಬರು. ಹೆರಿಗೆ, ಸಾವು, ಮದುವೆ ಮಾತುಕತೆ ಎಲ್ಲವೂ ಮೊದಲು ನನ್ನ ಕಿವಿಗೆ ಬಿದ್ದು ಆಮೇಲೆ ಸಂಬಂಧಪಟ್ಟವರಿಗೆ ಹೋಗುತ್ತಿತ್ತು. ಇಷ್ಟಕ್ಕೇ ನಾನೊಬ್ಬ ದೊಡ್ಡ ಮನುಷ್ಯ ಅಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕೂತು ಊರಿಗೆಲ್ಲ ಉಪಕಾರ ಮಾಡುತ್ತಿರುವವನ ಮುಖ ಹೊತ್ತುಕೊಂಡಿರುತ್ತಿದ್ದೆ. ಈಗ ನೆನೆಸಿಕೊಂಡರೆ ಆ ಮುಖಕ್ಕೆ ಎರಡು ಬಾರಿಸೋಣ ಅನ್ನಿಸುತ್ತದೆ.

ನನ್ನ ಅಮ್ಮನ ತಂಗಿ, ಚಿಕ್ಕಮ್ಮ, ಶೃಂಗೇರಿಯಲ್ಲಿ ಯಾತ್ರಿಕರ ಲಾಡ್ಜೊಂದರಲ್ಲಿ ಕೆಲಸಕ್ಕಿದ್ದಳು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮೂವತ್ತು ರೂಮುಗಳ ಹಾಸಿಗೆ ಬಟ್ಟೆ, ಬಾಗಿಲ ಬೀಗ, ಬಕೆಟ್ಟು ಎಲ್ಲ ಅವಳ ಸುಪರ್ದಿಯಲ್ಲಿ. ಯಾತ್ರೆಗೆ ಬಂದವರ ಭಕ್ತಿಯನ್ನು ಅವಳು ಅವರು ಬಿಟ್ಟುಹೋದ ಬಚ್ಚಲು ನೋಡಿ ಅಳೆಯುತ್ತಿದ್ದಳು. ಹೆಚ್ಚಿನವರು ಅವಳ ಪರೀಕ್ಷೆಯಲ್ಲಿ ಪಾಸಾಗುತ್ತಿರಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವಳು, ಬೂತ್ ಹಾಕು ಅಂತ ಬೆನ್ನು ಹತ್ತಿದವಳು ಅವಳೇ.

ಒಂದು ದಿನ ಒಗೆದ ಬೆಡ್‌ಶೀಟುಗಳ ಕಟ್ಟು ಹೊತ್ತು ಲಾಡ್ಜಿನ ಮೆಟ್ಟಿಲು ಹತ್ತುತ್ತಿದ್ದವಳು ಹಾಗೇ ಕುಸಿದುಬಿದ್ದಳು. ಎರಡು ನಿಮಿಷಕ್ಕೆ ಎಚ್ಚರವಾಗಿ, ಬಟ್ಟೆ ಕೊಳೆಯಾಯಿತು ಅಂತ ಬೈದಳಂತೆ. ಅದೇ ವಾರ ಇನ್ನೊಂದು ಸಲ ಬಿದ್ದಳು. ನಾನು ಕೊಪ್ಪಕ್ಕೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಅವರು ಇಸಿಜಿ ತೆಗೆದು, ನಾಡಿ ಹಿಡಿದು, ತಮ್ಮ ಗಡಿಯಾರವನ್ನೇ ಅನುಮಾನದಿಂದ ನೋಡಿದರು.

"ನಿನ್ನ ಬೂತಿನ ಲೈನು ಮಧ್ಯೆ ಮಧ್ಯೆ ಡೆಡ್ ಆಗ್ತದಲ್ಲ ಮಾರಾಯ, ಹಂಗೇ ಇದು. ಹೃದಯಕ್ಕೆ ಹೋಗೋ ಕರೆಂಟು ಒಂದೊಂದ್ಸಲ ನಿಂತೇ ಹೋಗ್ತದೆ. ಪೇಸ್‌ಮೇಕರ್ ಹಾಕ್ಸಲೇಬೇಕು," ಅಂದರು.

"ಹಾಕ್ಸದಿದ್ರೆ?" ಅಂತ ಚಿಕ್ಕಮ್ಮ ಕೇಳಿದಳು.

"ಒಂದ್ಸಲ ಬಿದ್ದವರು ಏಳದಿಲ್ಲ."

"ಹಂಗೆ ಸೀದಾ ಹೇಳಿ ಮತ್ತೆ," ಅಂದಳು. ಅವಳಿಗೆ ಆ ಡಾಕ್ಟರು ಹಿಡಿಸಿದರು.

ಚಿಕ್ಕಮ್ಮನನ್ನು ಕರೆದುಕೊಂಡು ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ಹೆಸರು ಬೇಡ. ಅಲ್ಲಿ ಬಡವರಿಗೆ ಅಂತ ದಾನಿಗಳು ಕೊಟ್ಟ ಪೇಸ್‌ಮೇಕರ್ ಯಂತ್ರಗಳು ಆಗಾಗ ಬರುತ್ತಿದ್ದವು. ಬಂದ ಹಾಗೆ ಪಟ್ಟಿಯ ಪ್ರಕಾರ ಹಾಕುತ್ತಿದ್ದರು. ಪಟ್ಟಿ ಇಟ್ಟುಕೊಂಡಿದ್ದ ಗುಮಾಸ್ತನಿಗೆ ನಲವತ್ತರ ಆಸುಪಾಸು. ಪೆನ್ನಿನ ಕ್ಯಾಪು ಕಚ್ಚುತ್ತಾ ಮಾತಾಡುವವನು. ಎದುರಿಗೆ ನಿಂತವರ ಮುಖವನ್ನು ಅವನು ನೋಡಿದ್ದನ್ನು ನಾನು ಕಾಣಲಿಲ್ಲ.

"ಇಪ್ಪತ್ತೇಳು," ಅಂದ.

"ಇಪ್ಪತ್ತೇಳು ದಿನವಾ ಸರ್?"

"ದಿನ ಅಲ್ಲ ಮಾರಾಯ್ರೆ, ನಂಬರು. ಯಂತ್ರ ಯಾವಾಗ ಬರ್ತದೆ ಅಂತ ಹೇಳ್ಲಿಕ್ಕೆ ನಾನೇನು ಜ್ಯೋತಿಷಿಯಾ? ಫೋನ್ ನಂಬರ್ ಕೊಟ್ಟು ಹೋಗಿ."

ಗುಮಾಸ್ತನ ಮೇಜಿನೆದುರಿನ ಬೆಂಚಿನ ಮೇಲೆ ನಮಗಿಂತ ಮುಂಚೆ ಒಬ್ಬ ಮನುಷ್ಯ ಕೂತಿದ್ದ. ಮುತ್ತಿನಕೊಪ್ಪದ ಕಡೆಯವನು, ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುವುದು ಕೆಲಸ. ಅವನಿಗೂ ಅದೇ ಕಾಯಿಲೆ, ನಂಬರು ಇಪ್ಪತ್ತಾರು. ಫೋನ್ ನಂಬರ್ ಕೊಡು ಅಂದರೆ ತೊದಲುತ್ತಿದ್ದ. ಅವನ ಕೇರಿಗೆ ಫೋನಿರಲಿಲ್ಲ. ತೋಟದ ಒಡೆಯರ ಮನೆಯಲ್ಲಿತ್ತು, ಆದರೆ ಕರೆ ಬಂದರೆ ಅವರು ಹೇಳಿ ಕಳಿಸುತ್ತಾರೆ ಎಂಬ ನಂಬಿಕೆ ಅವನಿಗಿರಲಿಲ್ಲ. ನನ್ನೊಳಗಿನ ದೊಡ್ಡ ಮನುಷ್ಯ ತಕ್ಷಣ ಎದ್ದು ನಿಂತ.

"ನನ್ನ ಬೂತಿನ ನಂಬರ್ ಬರೆಸು ಮಾರಾಯ. ಕರೆ ಬಂದ ದಿನ ನಿಂಗೆ ಸುದ್ದಿ ಮುಟ್ಸೋ ಜವಾಬ್ದಾರಿ ನಂದು."

ಅವನು ಕೈ ಮುಗಿದ. ಅವನು ಹಾಗೆ ಕೈ ಮುಗಿದದ್ದು ನನಗೆ ಚೆನ್ನಾಗಿಯೇ ಇತ್ತು.

ಚಿಕ್ಕಮ್ಮನನ್ನು ನಮ್ಮ ಮನೆಗೇ ಕರೆತಂದೆ. ಅಲ್ಲಿಂದ ಶುರುವಾಯಿತು ನೋಡಲು ಬರುವವರ ಸಾಲು. ಬಂದವರೆಲ್ಲ ಹೊಟ್ಟೆ ತುಂಬ ಕಾಫಿ ಕುಡಿದು ಒಂದೊಂದು ಮದ್ದು ಹೇಳಿ ಹೋದರು. ಒಬ್ಬರು ಮತ್ತಿ ಮರದ ಚಕ್ಕೆಯ ಕಷಾಯ ಅಂದರು. ಇನ್ನೊಬ್ಬರು ಜಾತಕ ತರಿಸಿ, ಯಂತ್ರಕ್ಕಿಂತ ಮೊದಲು ಶಾಂತಿ ಆಗಬೇಕು ಅಂದರು. ದೂರದ ಸಂಬಂಧದ ಹೆಂಗಸೊಬ್ಬರು ಚಿಕ್ಕಮ್ಮನ ಪಕ್ಕದಲ್ಲೇ ಕೂತು, ಇದೇ ರೀತಿ ಪಟ್ಟಿಯಲ್ಲಿದ್ದು ಯಂತ್ರ ಬರುವ ಮೊದಲೇ ಹೋದವರ ಕಥೆಯನ್ನು ವಿವರವಾಗಿ ಹೇಳಿ, ಕೊನೆಗೆ "ನೀವು ಧೈರ್ಯ ತಗೊಳ್ಳಿ" ಅಂದರು. ಅವರು ಹೋದ ಮೇಲೆ ಚಿಕ್ಕಮ್ಮ, "ಆ ಲೋಟ ಎರಡ್ಸಲ ತೊಳಿ," ಅಂತ ನನ್ನ ಹೆಂಡತಿಗೆ ಹೇಳಿದಳು.

ಎಲ್ಲರಿಗಿಂತ ಜೋರು ನನ್ನ ಭಾವ, ಅಂದರೆ ಅಕ್ಕನ ಗಂಡ. ನರಸಿಂಹರಾಜಪುರದಲ್ಲಿ ಮನೆ, ಜೀಪು, ಪಾರ್ಟಿ, ಭಾಷಣ. "ಪಟ್ಟಿ ಗಿಟ್ಟಿ ಎಲ್ಲ ನಿಮ್ಮಂಥೋರಿಗೆ ಮಾರಾಯ. ನಂಗೆ ಆ ಆಸ್ಪತ್ರೆಲಿ ಎಲ್ರೂ ಗೊತ್ತು," ಅಂದ. ದೊಡ್ಡವರ ಸಹಿ ಇರುವ ಒಂದು ಶಿಫಾರಸು ಪತ್ರ ತಂದುಕೊಟ್ಟ. ಅದಕ್ಕೆ ದಪ್ಪ ಲಕೋಟೆ, ಮೇಲೊಂದು ಸೀಲು. ನಾನೂ ನಾಚಿಕೆಯಿಲ್ಲದೆ ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಚಿಕ್ಕಮ್ಮನ ಜೊತೆ ಮತ್ತೆ ಘಟ್ಟ ಇಳಿದೆ. ಭಾವನೂ ಬಂದ. ಆಸ್ಪತ್ರೆಯಲ್ಲಿ ಅವನ ಗುರುತು ಹಿಡಿದವನು ಕ್ಯಾಂಟೀನಿನಲ್ಲಿ ದೋಸೆ ಹುಯ್ಯುವವನೊಬ್ಬನೇ.

ಗುಮಾಸ್ತ ಲಕೋಟೆಯನ್ನು ತೆರೆಯಲೂ ಇಲ್ಲ. ಮೇಜಿನ ಡ್ರಾಯರ್ ಎಳೆದು ತೋರಿಸಿದ. ಒಳಗೆ ಅಂಥವೇ ಲಕೋಟೆಗಳು, ಅವೇ ಸೀಲುಗಳು, ಬಿಗಿಯಾಗಿ ಜೋಡಿಸಿಟ್ಟಿದ್ದವು.

"ಪಟ್ಟಿಯಲ್ಲಿ ಇರುವ ಎಲ್ಲರದ್ದೂ ಇದೆ ಇಲ್ಲಿ," ಅಂದ. "ಎಲ್ಲರಿಗೂ ಪತ್ರ ಇದ್ದರೆ ಯಾರಿಗೂ ಇಲ್ಲದ ಹಾಗೇ ಅಲ್ವಾ?"

ಆ ಇಡೀ ವ್ಯವಹಾರದಲ್ಲಿ ಅವನು ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಪತ್ರವಿಲ್ಲದವನು ಪ್ರಾಯಶಃ ಆ ಇಪ್ಪತ್ತಾರನೆಯವನೊಬ್ಬನೇ ಇರಬೇಕು ಎಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ವಾಪಸು ಬರುವಾಗ ಜೀಪು ಕೆರೆಕಟ್ಟೆಯ ಕಾಡು ದಾಟುತ್ತಿತ್ತು. ಭಾವ ಮುಂದಿನ ಸೀಟಿನಲ್ಲಿ ವ್ಯವಸ್ಥೆಯ ಬಗ್ಗೆ ಭಾಷಣ ಮಾಡುತ್ತಿದ್ದ. ಹಿಂದೆ ನನ್ನ ಪಕ್ಕ ಕೂತಿದ್ದ ಚಿಕ್ಕಮ್ಮನ ತಲೆ ನನ್ನ ಭುಜಕ್ಕೆ ಬಿತ್ತು. ನಿದ್ದೆ ಅಂದುಕೊಂಡೆ. ಕೈ ಮುಟ್ಟಿದರೆ ತಣ್ಣಗಿತ್ತು, ಬೆವೆತಿತ್ತು. ನಾಡಿ ಹುಡುಕಿದೆ. ಬೆರಳಿಗೆ ಏನೂ ಸಿಗಲಿಲ್ಲ. ಕೂಗಿದೆ. ಜೀಪು ನಿಂತಿತು. ಸುತ್ತ ಕಾಡು, ಒಂದು ಮನೆಯೂ ಕಾಣುತ್ತಿರಲಿಲ್ಲ. ಭಾವ ಇಳಿದು ರಸ್ತೆಯ ಮೇಲೆ ಆಚೆ ಈಚೆ ಓಡಾಡುತ್ತಾ "ಇಲ್ಲೇ ಏನಾದ್ರೂ ಆಗ್ಬಿಟ್ರೆ ಪೊಲೀಸು ಗಿಲೀಸು ಅಂತ ತಲೆನೋವು ಮಾರಾಯ," ಅಂದ. ನಾನು ಅವಳ ಎದೆಯ ಮೇಲೆ ಕೈಯಿಟ್ಟು ಒಂದೊಂದೇ ಬಡಿತಕ್ಕೆ ಕಾದೆ. ಕೊನೆಗೆ ಅವಳೇ ಕಣ್ಣು ಬಿಟ್ಟು, "ಅವನ ಬಾಯಿ ನಿಲ್ತಾ?" ಅಂತ ಕೇಳಿದಳು.

ಆ ದಿನದಿಂದ ನನಗೆ ಹೆದರಿಕೆ ಹಿಡಿಯಿತು. ಬೂತಿನಲ್ಲಿ ಫೋನು ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಯಾರದೋ ಮದುವೆಯ ಮಾತು, ಯಾರದೋ ಕಾಫಿ ರೇಟು. ಎರಡು ತಿಂಗಳು ಹೀಗೇ ಕಳೆಯಿತು. ಅಡಿಕೆ ಕೊಯ್ಲು ಶುರುವಾಯಿತು.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕರೆ ಬಂತು. ಕ್ಯಾಪು ಕಚ್ಚುವ ಸದ್ದು ಕೇಳಿದ ಕೂಡಲೇ ಯಾರೆಂದು ಗೊತ್ತಾಯಿತು.

"ಇಪ್ಪತ್ತಾರನೇ ನಂಬರಿನವರಿಗೆ ಹೇಳಿ. ಒಂದು ಯಂತ್ರ ಉಂಟು. ಇವತ್ತು ಅಡ್ಮಿಟ್ ಆಗ್ಬೇಕು, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್. ಬರದಿದ್ರೆ ಮುಂದಿನ ನಂಬರಿಗೆ."

"ಮುಂದಿನದು..."

ಹಾಳೆ ತಿರುವಿದ ಸದ್ದು. "ಇಪ್ಪತ್ತೇಳು. ಅರೆ, ಎರಡಕ್ಕೂ ಒಂದೇ ಫೋನ್ ನಂಬರಲ್ವಾ? ಹಾಗಾದ್ರೆ ಸುಲಭ ಆಯ್ತು. ಇಬ್ರಲ್ಲಿ ಯಾರಾದ್ರೂ ಒಬ್ರನ್ನ ಕಳ್ಸಿ ಮಾರಾಯ್ರೆ. ನನಗೆ ಒಬ್ಬರು ಬಂದ್ರೆ ಸಾಕು."

ಫೋನ್ ಇಟ್ಟ. ಒಂದು ಜೀವ ಉಳಿಸುವ ಕೆಲಸವನ್ನು ಅವನು ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿಯುವಷ್ಟು ಹಗುರವಾಗಿ ನನ್ನ ಕೈಗೆ ದಾಟಿಸಿಬಿಟ್ಟಿದ್ದ. ಅವನನ್ನು ಬೈಯುವುದು ಸುಲಭ. ವರ್ಷಗಟ್ಟಲೆ ಬೈದಿದ್ದೇನೆ. ಆದರೆ ಫೋನಿಟ್ಟ ಮೇಲೆ ನಡೆದದ್ದು ಅವನ ತಪ್ಪಲ್ಲ.

ನಾನು ಒಂದು ಚೀಟಿಯಲ್ಲಿ "೨೬, ಇವತ್ತೇ ಅಡ್ಮಿಟ್, ನಾಳೆ ೯ಕ್ಕೆ ಆಪರೇಷನ್" ಅಂತ ಬರೆದೆ. ಬರೆದು ಫೋನಿನ ಕೆಳಗೆ ಇಟ್ಟೆ. ಹನ್ನೊಂದೂಕಾಲಿಗೆ ಅವನ ಊರಿನ ಕಡೆಗೆ, ನರಸಿಂಹರಾಜಪುರಕ್ಕೆ, ಬಸ್ಸು ಹೊರಡುತ್ತಿತ್ತು. ನನ್ನ ಕಣ್ಣೆದುರೇ ಹೊರಟಿತು. ಗಿರಾಕಿ ಇದ್ದಾರಲ್ಲ, ಮುಂದಿನ ಬಸ್ಸಿಗೆ ಯಾರ ಕೈಲಾದರೂ ಹೇಳಿಕಳಿಸಿದರಾಯಿತು ಅಂದುಕೊಂಡೆ. ಮುಂದಿನ ಬಸ್ಸು ಬಂತು. ಅದರ ಕಂಡಕ್ಟರು ನನಗೆ ಚೆನ್ನಾಗಿ ಪರಿಚಯದವನು, ಕಿಟಕಿಯಿಂದ ಕೈ ಬೀಸಿದ. ನಾನೂ ಬೀಸಿದೆ. ಆ ಬಸ್ಸೂ ಹೋಯಿತು. ಆ ಮನುಷ್ಯ ಗಟ್ಟಿಮುಟ್ಟಾದವನು, ವಯಸ್ಸು ಕಡಿಮೆ, ತಡೆದುಕೊಳ್ಳುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ. ಅವನ ಇಸಿಜಿ ನಾನೇ ಓದಿದವನ ಹಾಗೆ! ಮಧ್ಯಾಹ್ನ ಮೂರಕ್ಕೆ ಘಟ್ಟ ಇಳಿಯುವ ಕೊನೆಯ ಬಸ್ಸು. ಅದಕ್ಕೆ ಚಿಕ್ಕಮ್ಮನನ್ನು ಹತ್ತಿಸಬಹುದು. ಅವಳಿಗೆ ನಮ್ಮದೇ ನಂಬರು ಬಂತು ಅಂದರಾಯಿತು. ಎರಡು ಗಂಟೆಗಳ ಕಾಲ ಹೀಗೆ ಯೋಚಿಸಿಕೊಂಡು ಕೂತಿದ್ದೆ. ಆ ಎರಡು ಗಂಟೆಯಲ್ಲಿ ಮೂರು ಜನರಿಗೆ ಎಸ್‌ಟಿಡಿ ಕರೆ ಹಚ್ಚಿಕೊಟ್ಟೆ, ಒಬ್ಬ ಮುದುಕಿಯ ಪರವಾಗಿ ಅವಳ ಮಗಳ ಹತ್ತಿರ ಮಾತಾಡಿ ಪುಣ್ಯ ಕಟ್ಟಿಕೊಂಡೆ.

ಒಂದು ಗಂಟೆಗೆ ಚಿಕ್ಕಮ್ಮ ನನ್ನ ಊಟದ ಕ್ಯಾರಿಯರ್ ಹಿಡಿದುಕೊಂಡು ಬಂದಳು. ನಡೆಯಬೇಡ ಅಂದರೆ ಕೇಳುವವಳಲ್ಲ. ಕ್ಯಾರಿಯರ್ ಇಡಲು ಜಾಗ ಮಾಡುವಾಗ ಫೋನು ಸರಿಸಿದಳು. ಚೀಟಿ ಸಿಕ್ಕಿತು. ಓದಿದಳು.

"ಯಾವಾಗ ಬಂತು ಇದು?"

"ಈಗಷ್ಟೇ..."

"ಎಷ್ಟೊತ್ತಿಗೆ ಅಂತ ಕೇಳಿದ್ದು."

"ಹನ್ನೊಂದಕ್ಕೆ."

ಅವಳು ಗೋಡೆಯ ಗಡಿಯಾರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಲಾಡ್ಜಿನ ರೂಮು ಖಾಲಿಯಾದ ಮೇಲೆ ಬಚ್ಚಲಿನ ಬಾಗಿಲು ತೆರೆದು ನೋಡುವ ನೋಟ ಅದು.

"ಇದ್ರಲ್ಲಿ ಎಷ್ಟು ಅಂತ ಬರ್ದಿದೀಯ?"

"ಇಪ್ಪತ್ತಾರು."

"ನಂದೆಷ್ಟು?"

"ಚಿಕ್ಕಮ್ಮ, ಕೆರೆಕಟ್ಟೆಲಿ ಎಂತ ಆಯ್ತು ಅಂತ ನಿಂಗೆ ಗೊತ್ತಿಲ್ಲ. ನಾಡಿನೇ ಇರ್ಲಿಲ್ಲ. ಆ ಗುಮಾಸ್ತನೇ ಹೇಳಿದ, ಯಾರಾದ್ರೂ ಒಬ್ರು ಬನ್ನಿ ಅಂತ..."

"ನಂದೆಷ್ಟು ಅಂತ ಕೇಳಿದೆ."

"ಇಪ್ಪತ್ತೇಳು."

"ಲೆಕ್ಕ ಬರ್ತದಲ್ಲ ನಿಂಗೆ? ನಾನೇ ಫೀಸು ಕಟ್ಟಿ ಕಲಿಸಿದ್ದು." ಪಕ್ಕದಲ್ಲಿ ಗಿರಾಕಿಗಳಿದ್ದರು. ಅವಳ ದನಿ ಏರಲಿಲ್ಲ. "ಆ ಮನುಷ್ಯ ಕೈ ಮುಗಿಯೋವಾಗ ಎದೆ ಉಬ್ಬಿಸ್ಕೊಂಡು ನಿಂತಿದ್ದೆಯಲ್ಲ, ನಾ ನೋಡ್ಲಿಲ್ವಾ? ಏಳು. ಹೋಗಿ ಕರ್ಕೊಂಡ್ ಬಾ."

"ನೀನೊಬ್ಳೇ ಇಲ್ಲಿ..."

"ಬಿದ್ರೆ ಬೀಳ್ತೀನಿ. ನಿನ್ನ ಸ್ಟೂಲೇನು ಅಷ್ಟು ಎತ್ರ ಇಲ್ಲ."

ಒಂದೂಕಾಲಿನ ಬಸ್ಸು ಹಿಡಿದೆ. ನರಸಿಂಹರಾಜಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಮುತ್ತಿನಕೊಪ್ಪ ಮುಟ್ಟುವಾಗ ಮೂರಾಗಿತ್ತು. ಕೇಳಿಕೊಂಡು ಹೋದರೆ, ಅವನು ಒಡೆಯರ ತೋಟದಲ್ಲಿದ್ದಾನೆ ಅಂದರು. ಅಡಿಕೆ ಸುಲಿಯುತ್ತಿರಬೇಕು ಅಂದುಕೊಂಡೆ. ಮರ ಹತ್ತಲೇಬಾರದು ಅಂತ ಆಸ್ಪತ್ರೆಯ ಡಾಕ್ಟರು ನನ್ನೆದುರೇ ಅವನಿಗೆ ಹೇಳಿದ್ದರು. ತೋಟಕ್ಕೆ ಹೋಗಿ ನೋಡಿದರೆ ಅವನು ಮರದ ತುದಿಯಲ್ಲಿದ್ದ. ಸೊಂಟಕ್ಕೂ ಮರಕ್ಕೂ ಸೇರಿಸಿ ಹಗ್ಗ ಸುತ್ತಿ ಬಿಗಿದುಕೊಂಡಿದ್ದ. ಕೆಳಗೆ ಅವನ ಹೆಂಡತಿ ಕತ್ತೆತ್ತಿ ನಿಂತಿದ್ದಳು.

ಕೂಗಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. "ಕೂಗ್ಬೇಡಿ ಅಣ್ಣ, ಬೆಚ್ಚಿಬೀಳ್ತಾರೆ. ಅವ್ರಾಗೇ ಇಳೀಲಿ."

"ಹಗ್ಗ ಎಂತಕ್ಕೆ?"

"ಕಣ್ಣು ಕತ್ಲೆ ಬಂದ್ರೆ ಅಲ್ಲೇ ನಿಲ್ಬೇಕಲ್ಲ, ಅದ್ಕೆ. ಹೋದ ವಾರ ಹಂಗೇ ನೇತಾಡಿದ್ರು, ಸ್ವಲ್ಪ ಹೊತ್ತು. ಎಚ್ಚರಾದ ಮೇಲೆ ಕೊನೆ ಇಳ್ಸಿಯೇ ಬಂದ್ರು."

ತಡೆದುಕೊಳ್ಳುತ್ತಾನೆ ಅಂತ ನಾನು ತೀರ್ಪು ಕೊಟ್ಟಿದ್ದ ಗಟ್ಟಿಮುಟ್ಟಾದ ಮನುಷ್ಯ ಇವನು! ನಾನು ಸ್ಟೂಲಿನ ಮೇಲೆ ಕೂತು ಬಸ್ಸುಗಳಿಗೆ ಕೈ ಬೀಸುತ್ತಿದ್ದ ಅಷ್ಟೂ ಹೊತ್ತು ಇವನು ಹೀಗೆ ಮರದಿಂದ ಮರಕ್ಕೆ ಹತ್ತಿ ಇಳಿಯುತ್ತಿದ್ದ. ಅಲ್ಲೇ ಬದುವಿನ ಮೇಲೆ ಕೂತು ಕಾದೆ. ಅವನು ಇಳಿದು ಬಂದು, ನನ್ನ ಗುರುತು ಹಿಡಿದು, ಓಡಿ ಬಂದ.

"ಫೋನು ಬಂತಾ ಅಣ್ಣಾ? ನೀವೇ ಬಂದ್ರಲ್ಲ! ಯಾರ ಕೈಲಾದ್ರೂ ಹೇಳಿ ಕಳ್ಸಿದ್ರೆ ಆಗ್ತಿರ್ಲಿಲ್ವಾ?"

ಮತ್ತೆ ಕೈ ಮುಗಿದ. ಈ ಸಲ ಆ ಕೈಗಳನ್ನು ನೋಡಲಾಗಲಿಲ್ಲ. "ಈಗಷ್ಟೇ ಬಂತು," ಅಂದೆ.

ನರಸಿಂಹರಾಜಪುರಕ್ಕೆ ವಾಪಸು ಬರುವಾಗ ನಾಲ್ಕು ದಾಟಿತ್ತು. ಕೊಪ್ಪದಿಂದ ಘಟ್ಟ ಇಳಿಯುವ ಕೊನೆಯ ಬಸ್ಸು ಆಗಲೇ ಹೋಗಿತ್ತು. ಹನ್ನೊಂದೂಕಾಲಿಗೇ ನಾನು ಹೊರಟಿದ್ದರೆ ಅದು ಸಿಗುತ್ತಿತ್ತು. ಅವನನ್ನೂ ಅವನ ಹೆಂಡತಿಯನ್ನೂ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಭಾವನ ಮನೆಗೆ ಹೋದೆ. ಜೀಪು ಅಂಗಳದಲ್ಲೇ ನಿಂತಿತ್ತು. ವಿಷಯ ಹೇಳಿದೆ.

ಭಾವ ನನ್ನನ್ನು ಒಳಗೆ ಕರೆದು ದನಿ ತಗ್ಗಿಸಿದ. "ನಿಂಗೆ ತಲೆ ಸರಿ ಇದ್ಯಾ ಮಾರಾಯ? ಯಂತ್ರ ಬಾಗ್ಲಿಗೆ ಬಂದಿದೆ. ಅವ ಬರ್ಲಿಲ್ಲ ಅಂದ್ರೆ ಮುಗೀತು. ಗಟ್ಟಿ ಆಳು, ತಡ್ಕೊಳ್ತಾನೆ. ಚಿಕ್ಕಮ್ಮನ್ನ ಕರ್ಕೊಂಡು ಹೋಗೋದಾದ್ರೆ ಹೇಳು, ಈಗ್ಲೇ ಜೀಪು ತೆಗೀತೀನಿ."

ನಾನು ಬೆಳಿಗ್ಗೆಯಿಂದ ನನಗೆ ಹೇಳಿಕೊಂಡ ಮಾತುಗಳೇ. ಒಂದಕ್ಷರ ಬದಲಾಗಿರಲಿಲ್ಲ. ಹತ್ತು ವರ್ಷಗಳಿಂದ ನಾನು ಒಳಗೊಳಗೇ ನಗುತ್ತಿದ್ದ ಮನುಷ್ಯ ಇವನು. ಇವನಿಗಿಂತ ನಾನು ಮೇಲು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ವ್ಯತ್ಯಾಸ ಇಷ್ಟೇ: ಇವನು ಬಾಯಿಬಿಟ್ಟು ಹೇಳಿದ, ನಾನು ಚೀಟಿ ಬರೆದು ಫೋನಿನ ಕೆಳಗೆ ಇಟ್ಟೆ.

"ಅವನಿಗೇ ಹೋಗ್ಬೇಕು ಭಾವ," ಅಂದೆ.

"ಹಂಗಾದ್ರೆ ಜೀಪಿನ ಕ್ಲಚ್ ಸರಿ ಇಲ್ಲ," ಅಂದ.

ಸಂತೆ ಮೈದಾನದ ಹತ್ತಿರ ಘಟ್ಟದ ಕೆಳಗಿನಿಂದ ಮೀನು ತರುವ ವ್ಯಾನೊಂದು ವ್ಯಾಪಾರ ಮುಗಿಸಿ ನಿಂತಿತ್ತು, ಚಾಲಕ ಬುಟ್ಟಿ ತೊಳೆಯುತ್ತಿದ್ದ. ಚಾಲಕನಿಗೆ ಹೇಳಿದೆ. ಅವನು ಯಾವ ಆಸ್ಪತ್ರೆ, ಯಾರು, ಎಂತ ಅಂತ ಒಂದು ಪ್ರಶ್ನೆಯನ್ನೂ ಕೇಳದೆ, "ಹಿಂದೆ ಹತ್ತಿ, ವಾಸನೆ ಉಂಟು, ಆಗ್ತದಾ?" ಅಂದ. ಖಾಲಿ ಬುಟ್ಟಿಗಳ ನಡುವೆ ಗೋಣಿ ಹಾಸಿ ಮೂವರೂ ಕೂತೆವು. ಕೊಪ್ಪದಲ್ಲಿ ಬೂತಿನೆದುರು ಒಂದು ನಿಮಿಷ ನಿಲ್ಲಿಸಿದ. ಚಿಕ್ಕಮ್ಮ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಯಾರಿಗೋ ಚಿಲ್ಲರೆ ಕೊಡುತ್ತಿದ್ದಳು. ಎದ್ದು ಬಂದು, ನಾನು ಮುಟ್ಟದ ಊಟದ ಕ್ಯಾರಿಯರನ್ನು ಅವನ ಹೆಂಡತಿಯ ಕೈಗೆ ಕೊಟ್ಟಳು.

"ಹೆದ್ರಬೇಡ. ಹಾಕ್ಸಿಕೊಂಡು ಬಂದು ನಂಗೆ ಹೇಳು, ನೋವಾಗ್ತದಾ ಅಂತ. ಮುಂದಿಂದು ನಂದು," ಅಂತ ಅವನಿಗೆ ಹೇಳಿದಳು.

ಎಂಟರ ಸುಮಾರಿಗೆ ಆಸ್ಪತ್ರೆ ಮುಟ್ಟಿದೆವು. ಬಾಗಿಲಲ್ಲಿದ್ದ ನರ್ಸು ಮೂಗು ಮುಚ್ಚಿಕೊಂಡು "ಎಂತ ಮಾರಾಯ್ರೆ ಈ ವಾಸನೆ?" ಅಂದಳು. ಆದರೂ ಸೇರಿಸಿಕೊಂಡರು. ಮರುದಿನ ಅವನಿಗೆ ಯಂತ್ರ ಹಾಕಿದರು. ನಾನು ನಂಬರು ಹೇಳಿದಾಗ ಗುಮಾಸ್ತ ತಲೆಯೆತ್ತದೆ, "ಓ, ಇವರನ್ನೇ ಕಳ್ಸಿದ್ರಾ?" ಅಂತ ಪುಸ್ತಕದಲ್ಲಿ ಒಂದು ಗೆರೆ ಎಳೆದ.

ಚಿಕ್ಕಮ್ಮ ಮತ್ತೆ ಎರಡೂವರೆ ತಿಂಗಳು ಕಾದಳು. ಆ ನಡುವೆ ನಮ್ಮ ಅಡುಗೆಮನೆಯಲ್ಲಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಬರುವಾಗ ನಾನು ಅತ್ತುಬಿಟ್ಟೆ. "ಅಳೋ ಸಂಪತ್ತಿಗೆ ಅವತ್ತು ಎರಡು ಬಸ್ಸು ಬಿಟ್ಯಾ?" ಅಂದಳು. ಕಡೆಗೆ ಅವಳ ಕರೆ ಬಂದ ದಿನ ನಾನು ಬೂತಿನ ಬಾಗಿಲನ್ನೂ ಹಾಕದೆ ಮನೆಗೆ ಓಡಿದೆ. ಕುತ್ತಿಗೆಯ ಕೆಳಗೆ, ಎಲುಬಿನ ಪಕ್ಕ, ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ಕೂತಿತು. ಮೂರು ತಿಂಗಳಿಗೆ ಲಾಡ್ಜಿಗೆ ವಾಪಸು ಹೋದಳು. ಮೆಟ್ಟಿಲು ಹತ್ತುವ ಕೆಲಸ ಬಿಟ್ಟು ಬೀಗದ ಕೈಗಳ ಲೆಕ್ಕ ಮಾತ್ರ ನೋಡಿಕೊಂಡಳು. ಭಾವ ತನ್ನ ಪತ್ರದಿಂದಲೇ ಕೆಲಸ ಆದದ್ದು ಅಂತ ಇಂದಿಗೂ ಹೇಳುತ್ತಾನೆ.

ಆ ಎರಡು ಗಂಟೆಯ ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ, ನನ್ನ ಹೆಂಡತಿಗೂ. ಹೇಳಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅದು ಗೊತ್ತಿದ್ದೇ ಅವಳು ಸುಮ್ಮನಿದ್ದಳೋ ಏನೋ.

ಮರ ಹತ್ತುವ ಕೆಲಸ ಅವನೂ ಬಿಟ್ಟ. ತೋಟಕ್ಕೆ ನೀರು ಹಾಯಿಸುವ ಕೆಲಸ ಹಿಡಿದ. ಆರು ತಿಂಗಳಿಗೊಮ್ಮೆ ಯಂತ್ರದ ತಪಾಸಣೆಗೆ ಹೋಗಬೇಕಿತ್ತು. ಇಬ್ಬರೂ ದಿನ ಹೊಂದಿಸಿಕೊಂಡು ಒಂದೇ ಬಸ್ಸಿಗೆ ಹೋಗುತ್ತಿದ್ದರು. ಅವನು ಕೊಪ್ಪದಲ್ಲಿ ಹತ್ತುತ್ತಿದ್ದ, ಅವಳು ಶೃಂಗೇರಿಯಲ್ಲಿ. ಒಮ್ಮೆ ನಾನೂ ಜೊತೆಗೆ ಹೋದೆ. ಅವರಿಬ್ಬರು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ದಾರಿಯುದ್ದಕ್ಕೂ ಅವನು ತನ್ನ ಪಕ್ಕದವರಿಗೆಲ್ಲ ನನ್ನನ್ನು ತೋರಿಸಿ, "ಇವ್ರೇ ನೋಡಿ, ಫೋನು ಬಂದಿದ್ದೇ ತಡ, ಅಂಗಡಿ ಬಿಟ್ಟು ಓಡಿ ಬಂದವ್ರು," ಅಂತ ಹೇಳುತ್ತಿದ್ದ. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ನಾನು ಒಂದು ಸಲವೂ ಅವನನ್ನು ತಿದ್ದಲಿಲ್ಲ.